ವಂಶಾವಳಿ ಸಮಾವೇಶ: ಹೋಗುವವರ ಮತ್ತು ಸೇವೆಗೆ ನಿಲ್ಲುವವರ ಪ್ರಶ್ನೆಗಳು

ಕುಟುಂಬದ ಇತಿಹಾಸ ಹುಡುಕುವ ಹವ್ಯಾಸವಿರುವ ಓದುಗರು ದೊಡ್ಡ ವಂಶಾವಳಿ ಸಮಾವೇಶಗಳ ಬಗ್ಗೆ ಕಳುಹಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಂದಾಗಿ ಸೇರಿಸಿದ್ದೇನೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ. ಇಂಥ ಸಮಾವೇಶಗಳಲ್ಲಿ ಪ್ರತಿನಿಧಿಯಾಗಿಯೂ ಸ್ವಯಂಸೇವಕನಾಗಿಯೂ ಓಡಾಡಿದ ಅನುಭವವೇ ಈ ಉತ್ತರಗಳಿಗೆ ಆಧಾರ.

ಪ್ರಶ್ನೆ: ವಂಶಾವಳಿ ಸಮಾವೇಶಗಳಲ್ಲಿ ದೊಡ್ಡದು ಯಾವುದು? ಮೊದಲ ಸಲ ಹೋಗುವವರು ಯಾವುದನ್ನು ಆರಿಸಿಕೊಳ್ಳುವುದು ಒಳ್ಳೆಯದು?

ಸೇರುವ ಜನರ ಲೆಕ್ಕದಲ್ಲಿ ರೂಟ್ಸ್‌ಟೆಕ್ ಸಮಾವೇಶಕ್ಕೆ ಸಾಟಿಯಿಲ್ಲ. ವಂಶಾವಳಿ ದಾಖಲೆಗಳನ್ನು ಸಂಗ್ರಹಿಸಿ ಒದಗಿಸುವ ಫ್ಯಾಮಿಲಿಸರ್ಚ್ ಸಂಸ್ಥೆ ಇದನ್ನು 2011ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭಿಸಿತು. ಅಲ್ಲಿನ ಸಾಲ್ಟ್ ಪ್ಯಾಲೇಸ್ ಸಭಾಕೇಂದ್ರದಲ್ಲಿ ಚಳಿಗಾಲದ ಕೊನೆಗೆ, ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಅದು ನಡೆಯುತ್ತದೆ. 2019ರ ಅಕ್ಟೋಬರ್‌ನಲ್ಲಿ ಒಮ್ಮೆ ಲಂಡನ್ನಿನಲ್ಲೂ ನಡೆದಿತ್ತು. ಸಾಂಕ್ರಾಮಿಕದ ಕಾರಣ 2021ರಲ್ಲಿ ಇಡೀ ಸಮಾವೇಶವನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ನಡೆಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು. ಅಂದಿನಿಂದ ಆನ್‌ಲೈನ್ ಭಾಗ ಸಮಾವೇಶದ ಜೊತೆಗೇ ಉಳಿದುಕೊಂಡಿದೆ.

ಇನ್ನೊಂದು ಬಗೆಯ ಸಮಾವೇಶವೆಂದರೆ 1903ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಜೀನಿಯಲಾಜಿಕಲ್ ಸೊಸೈಟಿ ವರ್ಷಕ್ಕೊಂದು ಊರಿನಲ್ಲಿ ನಡೆಸುವಂಥದ್ದು. ಇಲ್ಲಿ ಜನ ಕಡಿಮೆ, ಅಬ್ಬರ ಕಡಿಮೆ, ಪಾಠ ಹೆಚ್ಚು. ಯಹೂದಿ ವಂಶಾವಳಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ವಾರ್ಷಿಕ ಸಮ್ಮೇಳನದಂತೆ ಒಂದೇ ಸಮುದಾಯದ ದಾಖಲೆಗಳ ಮೇಲೆ ಗಮನ ಕೊಡುವ ಸಮಾವೇಶಗಳೂ ಇವೆ. ಯುದ್ಧದಲ್ಲಿ, ವಲಸೆಯಲ್ಲಿ ಚೆದುರಿಹೋದ ಕುಟುಂಬಗಳನ್ನು ಹುಡುಕುವವರು ಸಮುದಾಯ ಬೇರೆಯಾದರೂ ಅಲ್ಲಿನ ವಿಧಾನಗಳಿಂದ ಕಲಿಯುವುದು ಬಹಳವಿದೆ.

ಈಗಷ್ಟೇ ಆಸಕ್ತಿ ಹುಟ್ಟಿರುವವರು ರೂಟ್ಸ್‌ಟೆಕ್‌ಗೆ ಹೋಗಲಿ. ಕೆಲವು ವರ್ಷ ಹುಡುಕಿ, ಒಬ್ಬ ಪೂರ್ವಜರ ಬಳಿ ಬಂದು ದಾರಿ ಕಟ್ಟಿ ನಿಂತವರು ಎರಡನೆಯ ಬಗೆಯ ಸಮಾವೇಶವನ್ನು ಆರಿಸಿಕೊಳ್ಳಲಿ. ಮೊದಲ ಸಲವೇ ಇವೆರಡನ್ನೂ ಒಂದೇ ವರ್ಷದಲ್ಲಿ ಮುಗಿಸುವ ಉತ್ಸಾಹ ಬೇಡ.

ಪ್ರಶ್ನೆ: ಕಾರ್ಯಕ್ರಮ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಒಂದೇ ಹೊತ್ತಿಗೆ ಹತ್ತಾರು ಉಪನ್ಯಾಸಗಳಿವೆ. ಯಾವುದಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ಹೇಗೆ?

ಕಾರ್ಯಕ್ರಮ ಪಟ್ಟಿಯನ್ನು ಮೊದಲು ತೆರೆಯಬೇಡಿ. ಮೊದಲು ಒಂದು ಖಾಲಿ ಹಾಳೆ ತೆಗೆದುಕೊಂಡು ಒಬ್ಬ ಪೂರ್ವಜರ ಹೆಸರನ್ನೂ ಅವರ ಬಗ್ಗೆ ನಿಮಗೆ ಉತ್ತರ ಬೇಕಾಗಿರುವ ಒಂದೇ ಒಂದು ಪ್ರಶ್ನೆಯನ್ನೂ ಬರೆಯಿರಿ. ಅದರ ಕೆಳಗೆ ಈಗಾಗಲೇ ಏನೇನು ನೋಡಿದ್ದೀರಿ, ಯಾವ ದಾಖಲೆ ಎಲ್ಲಿ ಸಿಕ್ಕಿತು, ಯಾವುದು ಹುಡುಕಿದರೂ ಸಿಗಲಿಲ್ಲ ಎಂಬುದನ್ನು ವರ್ಷಾನುಕ್ರಮವಾಗಿ ಬರೆಯಿರಿ. ಹಾಳೆಯ ಒಂದು ಮಗ್ಗುಲಿಗಿಂತ ಹೆಚ್ಚು ಬೇಡ. ಈ ಹಾಳೆ ಇಲ್ಲದೆ ಹೋದವರು ಮೂರು ದಿನ ಒಳ್ಳೊಳ್ಳೆಯ ಮಾತು ಕೇಳಿ, ಚೀಲ ತುಂಬ ಕರಪತ್ರ ಹೊತ್ತು, ಹೋದ ಹಾಗೆಯೇ ಹಿಂದಿರುಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಮೆರಿಕದ 1900ರ ಜನಗಣತಿಯಲ್ಲಿ ಒಬ್ಬ ಹೆಂಗಸು ಗಂಡನ ಮನೆಯಲ್ಲಿ ಕಾಣಿಸಿಕೊಳ್ಳುತ್ತಾಳೆ, ಆದರೆ ಅವಳ ತವರು ಯಾವುದೆಂದು ತಿಳಿಯದು ಎಂದಿಟ್ಟುಕೊಳ್ಳಿ. ಸಹಜವಾಗಿ ಹತ್ತು ವರ್ಷ ಹಿಂದಿನ ಗಣತಿಯನ್ನು ನೋಡಬೇಕು. ಆದರೆ 1890ರ ಗಣತಿಯ ಹಾಳೆಗಳಲ್ಲಿ ಬಹುಪಾಲು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಮತ್ತು ಅದನ್ನು ಆರಿಸಲು ಸುರಿದ ನೀರಿನಲ್ಲಿ ಹಾಳಾದವು. ಅಳಿದುಳಿದದ್ದರಲ್ಲಿ ಹೆಚ್ಚಿನದನ್ನೂ ಮುಂದೆ ಸರ್ಕಾರವೇ ನಾಶಮಾಡಿತು. ಹಾಗಾಗಿ 1880ಕ್ಕೂ 1900ಕ್ಕೂ ನಡುವೆ ಇಪ್ಪತ್ತು ವರ್ಷಗಳ ಕಂದಕ ಉಳಿಯುತ್ತದೆ. ಹುಡುಗಿಯೊಬ್ಬಳು ಬೆಳೆದು, ಮದುವೆಯಾಗಿ, ಹೆಸರು ಬದಲಿಸಿಕೊಳ್ಳಲು ಅಷ್ಟು ಕಾಲ ಸಾಕು. ನಿಮ್ಮ ಹಾಳೆಯಲ್ಲಿ ಈ ಪ್ರಶ್ನೆ ಇದ್ದರೆ, ‘ಇತಿಹಾಸದಲ್ಲಿ ಮಹಿಳೆಯರು’ ಎಂಬಂಥ ಆಕರ್ಷಕ ಶೀರ್ಷಿಕೆಯ ಉಪನ್ಯಾಸವನ್ನು ಬಿಟ್ಟು, ಜಿಲ್ಲಾ ಮಟ್ಟದ ಮದುವೆ ದಾಖಲೆಗಳು, ತೆರಿಗೆ ಪಟ್ಟಿಗಳು, ಕೆಲವು ರಾಜ್ಯಗಳು ನಡುವಿನ ವರ್ಷಗಳಲ್ಲಿ ತಾವೇ ನಡೆಸಿದ ಗಣತಿಗಳು, ಉಯಿಲು ಮತ್ತು ಆಸ್ತಿ ವಿಲೇವಾರಿ ಕಡತಗಳು ಇವುಗಳ ಬಗೆಗಿನ ನೀರಸ ಶೀರ್ಷಿಕೆಯ ಉಪನ್ಯಾಸಗಳಿಗೆ ಹೋಗುತ್ತೀರಿ. ಕೆಲಸಕ್ಕೆ ಬರುವುದು ಅವೇ. ತಂದೆಯ ಉಯಿಲಿನಲ್ಲಿ ಮದುವೆಯಾದ ಮಗಳ ಹೆಸರು ಅಳಿಯನ ಹೆಸರಿನೊಂದಿಗೆ ಬರುವ ಸಾಧ್ಯತೆ ಇರುತ್ತದೆ; ಆ ಒಂದು ಸಾಲಿಗಾಗಿ ವರ್ಷಗಟ್ಟಲೆ ಅಲೆದವರಿದ್ದಾರೆ.

ಹಾಳೆ ಸಿದ್ಧವಾದ ಮೇಲೆ ಪಟ್ಟಿ ತೆರೆಯಿರಿ. ವಿಡಿಯೊದಲ್ಲಿ ಮುದ್ರಣಗೊಂಡು ಮುಂದೆ ನೋಡಲು ಸಿಗುವ ಉಪನ್ಯಾಸಗಳನ್ನು ಬದಿಗಿಟ್ಟು, ಅಲ್ಲಿ ಮಾತ್ರ ಕೇಳಬಹುದಾದವಕ್ಕೆ ಆದ್ಯತೆ ಕೊಡಿ. ಪ್ರತಿ ಅವಧಿಗೂ ಎರಡನೆಯ ಆಯ್ಕೆಯೊಂದನ್ನು ಗುರುತಿಸಿಕೊಳ್ಳಿ. ಕೊಠಡಿ ತುಂಬಿದ ಮೇಲೆ ಬಾಗಿಲಲ್ಲಿ ನಿಂತು ವಾದಿಸಿ ಪ್ರಯೋಜನವಿಲ್ಲ, ಅಗ್ನಿಸುರಕ್ಷತೆಯ ನಿಯಮದ ಮುಂದೆ ಸ್ವಯಂಸೇವಕರ ಕೈ ಕಟ್ಟಿರುತ್ತದೆ. ಉಪನ್ಯಾಸದ ಟಿಪ್ಪಣಿಗಳನ್ನು ಮುಂಚಿತವಾಗಿ ಕೊಡುವುದು ಇಂಥ ಸಮಾವೇಶಗಳಲ್ಲಿ ವಾಡಿಕೆ; ಹಿಂದಿನ ರಾತ್ರಿ ಅದನ್ನು ಓದಿದರೆ ಅರ್ಧದಷ್ಟು ಉಪನ್ಯಾಸಗಳು ನಿಮಗಲ್ಲವೆಂದು ಅಲ್ಲೇ ತಿಳಿದುಬಿಡುತ್ತದೆ. ಪರದೆಯ ಮೇಲಿನ ಚಿತ್ರಗಳ ಫೋಟೊ ತೆಗೆಯುವ ಮೊದಲು ಆ ಸಮಾವೇಶದ ನಿಯಮವೇನೆಂದು ನೋಡಿ. ಅವು ಉಪನ್ಯಾಸಕರ ಸ್ವತ್ತು, ಎಷ್ಟೋ ಕಡೆ ಫೋಟೊ ನಿಷಿದ್ಧ. ದಿನಕ್ಕೊಂದು ಅವಧಿಯನ್ನಾದರೂ ಖಾಲಿ ಬಿಡಿ.

ಇನ್ನೊಂದು ಮಾತು. ಎಷ್ಟು ಹೊಸ ತಂತ್ರಾಂಶ ಬಂದರೂ ಸಾಕ್ಷ್ಯವನ್ನು ತೂಗುವುದು ಹೇಗೆಂಬ ಉಪನ್ಯಾಸವೊಂದನ್ನು ಬಿಡಬೇಡಿ. ಅಮೆರಿಕದಲ್ಲಿ ವಂಶಶೋಧಕರಿಗೆ ಪ್ರಮಾಣಪತ್ರ ನೀಡುವ ಮಂಡಳಿ 1964ರಿಂದ ಇದೆ. ಈ ಕ್ಷೇತ್ರದಲ್ಲಿ ಒಪ್ಪಿತವಾಗಿರುವ ಮಾನದಂಡ ಐದು ಅಂಶಗಳನ್ನು ಕೇಳುತ್ತದೆ: ಸಾಧ್ಯವಿರುವಷ್ಟೂ ಆಕರಗಳ ಹುಡುಕಾಟ, ಪ್ರತಿ ಹೇಳಿಕೆಗೂ ಪೂರ್ಣ ಆಕರಸೂಚನೆ, ಸಾಕ್ಷ್ಯಗಳ ವಿಶ್ಲೇಷಣೆ ಮತ್ತು ಹೋಲಿಕೆ, ಪರಸ್ಪರ ವಿರುದ್ಧವಾದ ಸಾಕ್ಷ್ಯಗಳ ಪರಿಹಾರ, ಕೊನೆಗೆ ತರ್ಕಬದ್ಧವಾಗಿ ಬರೆದಿಟ್ಟ ತೀರ್ಮಾನ. ಮೊದಲ ನಾಲ್ಕನ್ನು ಮಾಡಿ ಐದನೆಯದನ್ನು ಬಿಡುವವರೇ ಹೆಚ್ಚು.

ಪ್ರಶ್ನೆ: ಸ್ವಯಂಸೇವಕಳಾಗಿ ಹೆಸರು ಕೊಡಬೇಕೆಂದಿದ್ದೇನೆ. ನಾನು ನಿವೃತ್ತ ಶಿಕ್ಷಕಿ, ವಂಶಾವಳಿಯಲ್ಲಿ ಪರಿಣತಿ ಇಲ್ಲ. ಅಲ್ಲಿ ನಮ್ಮಂಥವರಿಗೆ ಯಾವ ಕೆಲಸ ಕೊಡುತ್ತಾರೆ?

ಪರಿಣತಿ ಬೇಕಾದ ಕೆಲಸಗಳು ಕೆಲವೇ. ಹೆಚ್ಚಿನವು ನೋಂದಣಿ ಮೇಜು, ದಾರಿ ತೋರಿಸುವುದು, ಚೀಲಗಳಿಗೆ ಕಾಗದಪತ್ರ ತುಂಬುವುದು, ಉಪನ್ಯಾಸ ಕೊಠಡಿಯ ಉಸ್ತುವಾರಿ, ಪ್ರದರ್ಶನ ಸಭಾಂಗಣದ ಬಾಗಿಲಲ್ಲಿ ಬ್ಯಾಡ್ಜ್ ನೋಡುವುದು ಇಂಥವು. ಕಂಪ್ಯೂಟರ್ ಮುಂದೆ ಕೂತು ಹೊಸಬರಿಗೆ ಹುಡುಕಲು ನೆರವಾಗುವ ಮೇಜುಗಳಿಗೆ ಮಾತ್ರ ಅನುಭವಿಗಳನ್ನು ಆರಿಸುತ್ತಾರೆ.

ಶಿಕ್ಷಕಿಯಾಗಿದ್ದವರಿಗೆ ಕೊಠಡಿಯ ಉಸ್ತುವಾರಿಗಿಂತ ಒಪ್ಪುವ ಕೆಲಸ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವಧಿ ಆರಂಭವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಕೊಠಡಿಗೆ ಬರಬೇಕು. ಉಪನ್ಯಾಸಕರಿಗೆ ನೀರಿದೆಯೇ, ಕಂಪ್ಯೂಟರಿನ ತಂತಿ ಪರದೆಗೆ ಸರಿಯಾಗಿ ಸೇರಿದೆಯೇ, ಕೊರಳಿನ ಮೈಕ್ ಹಿಂದಿನ ಸಾಲಿಗೆ ಕೇಳಿಸುತ್ತದೆಯೇ ಎಂದು ನೋಡಬೇಕು. ಕೇಳಿಸದಿದ್ದರೆ ಧ್ವನಿ ವ್ಯವಸ್ಥೆಯವರನ್ನು ಕರೆಸಬೇಕೇ ಹೊರತು ತಾವೇ ಗುಂಡಿ ತಿರುಗಿಸಬಾರದು. ಉಪನ್ಯಾಸಕರ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅವರನ್ನೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಪರಿಚಯ ಎರಡು ಮೂರು ವಾಕ್ಯಗಳಲ್ಲಿ ಮುಗಿಯಬೇಕು. ಮಾತು ಆರಂಭವಾದ ಕೆಲವು ನಿಮಿಷಗಳ ನಂತರ ತಲೆ ಎಣಿಸುವ ಕೆಲಸ: ಒಂದೊಂದೇ ತಲೆಯನ್ನು ಬೆರಳು ಮಾಡಿ ಎಣಿಸುತ್ತಾ ಹೋದರೆ ಲೆಕ್ಕ ತಪ್ಪುತ್ತದೆ, ಕೂತವರಿಗೂ ಕಿರಿಕಿರಿ. ಒಂದು ಸಾಲಿನ ಕುರ್ಚಿಗಳನ್ನು ಎಣಿಸಿ, ಸಾಲುಗಳಿಂದ ಗುಣಿಸಿ, ಖಾಲಿ ಕುರ್ಚಿಗಳನ್ನು ಕಳೆಯುವುದು ಸುಲಭ. ಆ ಸಂಖ್ಯೆ ಮುಂದಿನ ವರ್ಷ ಆ ವಿಷಯಕ್ಕೆ ಎಷ್ಟು ದೊಡ್ಡ ಕೊಠಡಿ ಬೇಕೆಂದು ನಿರ್ಧರಿಸಲು ಆಯೋಜಕರಿಗೆ ನೆರವಾಗುತ್ತದೆ, ಆದ್ದರಿಂದ ಅಂದಾಜಿನಲ್ಲಿ ಬರೆಯಬೇಡಿ.

ನಿಜವಾದ ಪರೀಕ್ಷೆ ಕೊನೆಯ ಹತ್ತು ನಿಮಿಷದಲ್ಲಿ. ಪ್ರಶ್ನೆ ಕೇಳಲು ಮೈಕ್ ಹಿಡಿದವರು ತಮ್ಮ ಮುತ್ತಜ್ಜನ ಕಥೆಯನ್ನು ಹುಟ್ಟಿನಿಂದ ಆರಂಭಿಸಿಬಿಡುತ್ತಾರೆ. ಅವರ ಕಣ್ಣಲ್ಲಿ ಆಸೆಯಿರುತ್ತದೆ, ಇದೇ ಕೊಠಡಿಯಲ್ಲಿ ಯಾರೋ ಒಬ್ಬರು ಎದ್ದು ‘ನನಗೆ ಗೊತ್ತು’ ಎನ್ನುತ್ತಾರೆಂಬ ನಿರೀಕ್ಷೆಯಿರುತ್ತದೆ. ಅವರನ್ನು ಗದರಿಸದೆ, ಅವರ ಪಕ್ಕಕ್ಕೆ ಹೋಗಿ ನಿಂತು, ‘ಇದರಲ್ಲಿ ಉಪನ್ಯಾಸಕರಿಗೆ ನಿಮ್ಮ ಪ್ರಶ್ನೆ ಯಾವುದು?’ ಎಂದು ಮೆಲ್ಲಗೆ ಕೇಳಿದರೆ ಸಾಮಾನ್ಯವಾಗಿ ಮಾತು ದಾರಿಗೆ ಬರುತ್ತದೆ. ಮುಂದಿನ ಉಪನ್ಯಾಸಕರು ಬಾಗಿಲಲ್ಲಿ ಕಾಯುತ್ತಿರುತ್ತಾರೆ; ಉಳಿದ ಪ್ರಶ್ನೆಗಳನ್ನು ಮೊಗಸಾಲೆಗೆ ಸಾಗಿಸುವುದೂ ನಿಮ್ಮದೇ ಹೊಣೆ. ತರಗತಿ ನಡೆಸಿದವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ.

ನೋಂದಣಿ ಮೇಜು ಮೊದಲ ದಿನ ಬೆಳಿಗ್ಗೆ ಕಾಲೂರಲು ಬಿಡದಷ್ಟು ಗದ್ದಲದ್ದು, ಮಧ್ಯಾಹ್ನದ ಹೊತ್ತಿಗೆ ನೊಣ ಹೊಡೆಯುವಷ್ಟು ಖಾಲಿ. ಬ್ಯಾಡ್ಜ್‌ಗಳನ್ನು ಕುಲನಾಮದ ಅಕ್ಷರಕ್ರಮದಲ್ಲಿ ಜೋಡಿಸಿರುತ್ತಾರೆ, ಎರಡು ಕುಲನಾಮ ಇರುವವರದು ಯಾವ ಅಕ್ಷರದಲ್ಲಿದೆ ಎಂದು ಹುಡುಕುವುದೇ ಅರ್ಧ ಕೆಲಸ. ಕೆಲವು ಸಮಾವೇಶಗಳಲ್ಲಿ ಬ್ಯಾಡ್ಜ್‌ನ ಕೆಳಗೆ ಬಣ್ಣಬಣ್ಣದ ರಿಬ್ಬನ್‌ಗಳನ್ನು ಒಂದರ ಕೆಳಗೊಂದು ಅಂಟಿಸಿಕೊಳ್ಳುವ ರೂಢಿಯಿದೆ: ಮೊದಲ ಸಲ ಬಂದವರು, ಉಪನ್ಯಾಸಕರು, ಸ್ವಯಂಸೇವಕರು, ಇಂಥ ಸಂಘದ ಸದಸ್ಯರು ಎಂದೆಲ್ಲ. ಎದೆಯಿಂದ ಹೊಟ್ಟೆಯವರೆಗೆ ರಿಬ್ಬನ್ ಇಳಿಬಿಟ್ಟುಕೊಂಡು ಓಡಾಡುವ ಹಿರಿಯರನ್ನು ಕಂಡು ನಗಬೇಡಿ. ಅಪರಿಚಿತರ ಜೊತೆ ಮಾತು ತೆಗೆಯಲು ಅದಕ್ಕಿಂತ ಸುಲಭದ ದಾರಿ ಇನ್ನಿಲ್ಲ.

ಪ್ರಶ್ನೆ: ಸ್ವಯಂಸೇವಕರಿಗೆ ಪ್ರವೇಶ ಉಚಿತವೆಂದು ಕೇಳಿದ್ದೇನೆ. ಹಣ ಉಳಿಸಲು ಸೇವೆಗೆ ನಿಂತು, ಬಿಡುವಿನಲ್ಲಿ ಉಪನ್ಯಾಸ ಕೇಳಬಹುದೇ? ವೀಸಾದ ಮೇಲೆ ಬರುವವರಿಗೂ ಇದು ಸಾಧ್ಯವೇ?

ಇಷ್ಟು ಗಂಟೆ ಸೇವೆಗೆ ಒಂದು ದಿನದ ಅಥವಾ ಪೂರ್ಣ ಪ್ರವೇಶ ಕೊಡುವ ಪದ್ಧತಿ ಹಲವು ಸಮಾವೇಶಗಳಲ್ಲಿದೆ. ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿಗಳನ್ನು ತಿಂಗಳುಗಳ ಮುಂಚೆಯೇ ಕರೆಯುವುದರಿಂದ ಆಯೋಜಕರ ಪ್ರಕಟಣೆಯ ಮೇಲೆ ಕಣ್ಣಿಡಿ. ಆದರೆ ಹಣ ಉಳಿಸುವುದೊಂದೇ ಉದ್ದೇಶವಾದರೆ ಬೇಡವೆನ್ನುತ್ತೇನೆ. ಪ್ರವೇಶ ಶುಲ್ಕ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಪ್ರಯಾಣ ಮತ್ತು ವಸತಿಯದೇ ದೊಡ್ಡ ಭಾರ. ಮೇಲಾಗಿ ನಿಮಗೆ ಬೇಕಾದ ಉಪನ್ಯಾಸದ ಹೊತ್ತಿಗೇ ನಿಮ್ಮ ಪಾಳಿ ಬಿದ್ದರೆ ಅದನ್ನು ಬಿಟ್ಟು ಹೋಗುವಂತಿಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟ ಹಾಗೆ ಆಗಬಾರದೆಂದರೆ ಮೊದಲ ವರ್ಷ ಪ್ರತಿನಿಧಿಯಾಗಿ ಹೋಗಿ, ಎರಡನೆಯ ಸಲ ಸೇವೆಗೆ ನಿಲ್ಲಿ. ಪಾಳಿ ಆರಿಸಿಕೊಳ್ಳಲು ಅವಕಾಶವಿದ್ದರೆ, ಹೇಗೂ ಕೇಳಬೇಕೆಂದಿರುವ ಉಪನ್ಯಾಸಗಳ ಕೊಠಡಿಯನ್ನೇ ಬೇಡಿಕೊಳ್ಳಿ.

ಒಬ್ಬಂಟಿಯಾಗಿ ಬರುವವರ, ಸಂಕೋಚದ ಸ್ವಭಾವದವರ ವಿಷಯ ಬೇರೆ. ಸಾವಿರಾರು ಅಪರಿಚಿತರ ನಡುವೆ ಏನು ಮಾಡಬೇಕೆಂದು ತೋಚದೆ ನಿಲ್ಲುವುದಕ್ಕಿಂತ ಸ್ವಯಂಸೇವಕರ ಅಂಗಿ ತೊಟ್ಟು ಒಂದು ಕಡೆ ನಿಂತರೆ ಜನ ತಾವಾಗಿಯೇ ಬಂದು ಮಾತನಾಡಿಸುತ್ತಾರೆ. ಅಂಥವರಿಗೆ ಮೊದಲ ವರ್ಷವೇ ಸೇವೆ ಒಳ್ಳೆಯದು.

ವೀಸಾದ ಬಗ್ಗೆ: ಅಮೆರಿಕದಲ್ಲಿ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋಗುವುದು ವ್ಯವಹಾರದ ಭೇಟಿಗೆ ಕೊಡುವ ಬಿ-1 ವೀಸಾದ ವ್ಯಾಪ್ತಿಗೆ ಬರುತ್ತದೆ. ಸೇವೆ ಮಾಡಿ ಅದಕ್ಕೆ ಪ್ರತಿಯಾಗಿ ಹಣದ ಬೆಲೆಯುಳ್ಳ ಪ್ರವೇಶವನ್ನು ಪಡೆಯುವುದು ಬೇರೆಯೇ ಪ್ರಶ್ನೆಯಾಗಬಹುದು. ಆಯೋಜಕರನ್ನು ಮೊದಲೇ ಬರಹದಲ್ಲಿ ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಶುಲ್ಕ ಕೊಟ್ಟು ಪ್ರತಿನಿಧಿಯಾಗಿಯೇ ಹೋಗಿ.

ಪ್ರಶ್ನೆ: ಸಾಲ್ಟ್ ಲೇಕ್ ಸಿಟಿಯವರೆಗೆ ಹೋದಮೇಲೆ ಅಲ್ಲಿನ ಪ್ರಸಿದ್ಧ ಗ್ರಂಥಾಲಯವನ್ನೂ ನೋಡಬೇಕೆಂಬ ಆಸೆಯಿದೆ. ಬೇರೆ ಧರ್ಮದವರನ್ನು ಒಳಗೆ ಬಿಡುತ್ತಾರೆಯೇ? ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಬಂದಿರುವಾಗ ಅಲ್ಲಿಗೆ ಹೋಗುವ ಅಗತ್ಯವಾದರೂ ಏನು?

ಯಾರು ಬೇಕಾದರೂ ಹೋಗಬಹುದು, ಶುಲ್ಕವೂ ಇಲ್ಲ. ಫ್ಯಾಮಿಲಿಸರ್ಚ್ ಗ್ರಂಥಾಲಯ ಸಭಾಕೇಂದ್ರದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ. ಇದನ್ನು ನಡೆಸುವುದು ಮಾರ್ಮನ್ ಎಂದು ಜನ ಕರೆಯುವ, ಲ್ಯಾಟರ್-ಡೇ ಸೇಂಟ್ಸ್ ಪಂಥದ ಚರ್ಚು. ಕುಟುಂಬದ ಬಂಧ ಸಾವಿನಾಚೆಗೂ ಉಳಿಯುತ್ತದೆಂಬ ನಂಬಿಕೆಯಿಂದ ಪೂರ್ವಜರನ್ನು ಗುರುತಿಸುವುದು ಅವರಿಗೆ ಧಾರ್ಮಿಕ ಕರ್ತವ್ಯ. 1894ರಲ್ಲಿ ವಂಶಾವಳಿ ಸಂಘ ಸ್ಥಾಪಿಸಿ, 1938ರಿಂದ ಲೋಕದ ನಾನಾ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿಸುತ್ತಾ, ಅಂದರೆ ಪುಟ್ಟ ಚಿತ್ರಗಳಾಗಿ ಫಿಲ್ಮ್ ಸುರುಳಿಗಳಿಗೆ ಇಳಿಸುತ್ತಾ ಬಂದರು. ಮೂಲ ಸುರುಳಿಗಳು ನಗರದ ಹೊರಗೆ ಗ್ರಾನೈಟ್ ಬೆಟ್ಟದೊಳಗೆ ಕೊರೆದ ಭಂಡಾರದಲ್ಲಿವೆ. ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣ 2021ರಲ್ಲಿ ಮುಗಿಯಿತು. ಹರಿದ್ವಾರದಂಥ ಯಾತ್ರಾಸ್ಥಳಗಳ ಪಂಡರು, ಅಂದರೆ ತೀರ್ಥ ಪುರೋಹಿತರು, ಯಾತ್ರಿಕರ ವಂಶಾವಳಿ ಬರೆದಿಡುವ ಬಹಿ ಎಂಬ ಪುಸ್ತಕಗಳ ಪ್ರತಿಗಳೂ ಈ ಸಂಗ್ರಹದಲ್ಲಿವೆ.

ಹಾಗಾದರೆ ಹೋಗುವುದೇಕೆ? ಡಿಜಿಟಲೀಕರಣಗೊಂಡದ್ದೆಲ್ಲ ಮನೆಯಿಂದ ತೆರೆಯುವುದಿಲ್ಲ. ದಾಖಲೆಯ ಒಡೆತನವಿರುವ ಪತ್ರಾಗಾರಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಕಾರಣ ಎಷ್ಟೋ ಚಿತ್ರಗಳನ್ನು ಈ ಗ್ರಂಥಾಲಯದಲ್ಲಿ ಅಥವಾ ಅದರ ಅಂಗೀಕೃತ ಕೇಂದ್ರಗಳಲ್ಲಿ ಮಾತ್ರ ನೋಡಬಹುದು. ಹೊರಡುವ ಮುಂಚೆ ಮನೆಯಲ್ಲೇ ಕೂತು ಅವರ ಗ್ರಂಥಸೂಚಿಯನ್ನು ತೆರೆದು, ನಿಮಗೆ ಬೇಕಾದ ಸ್ಥಳದ ಹೆಸರಿನಲ್ಲಿ ಹುಡುಕಿ. ಯಾವ ನಮೂದಿನ ಪಕ್ಕದಲ್ಲಿ ಕ್ಯಾಮೆರಾ ಚಿಹ್ನೆಯ ಮೇಲೆ ಬೀಗದ ಕೈ ಕಾಣುತ್ತದೆಯೋ ಅದರ ಸಂಖ್ಯೆಯನ್ನು ಬರೆದುಕೊಳ್ಳಿ. ಗ್ರಂಥಾಲಯದಲ್ಲಿ ಆ ಪಟ್ಟಿಯ ಕೆಲಸ ಮಾತ್ರ ಮಾಡಿ. ಮನೆಯಲ್ಲೇ ತೆರೆಯುವ ಪುಟಗಳನ್ನು ಅಲ್ಲಿ ಕೂತು ನೋಡುವುದು ವಿಮಾನದ ದುಡ್ಡಿಗೆ ಮಾಡುವ ಅನ್ಯಾಯ. ಸಮಾವೇಶದ ದಿನಗಳಲ್ಲಿ ಗ್ರಂಥಾಲಯ ಕಿಕ್ಕಿರಿದಿರುತ್ತದೆ. ಸಾಧ್ಯವಾದರೆ ಎರಡು ದಿನ ಮುಂಚಿತವಾಗಿ ಬನ್ನಿ. ಭಾನುವಾರ ಮುಚ್ಚಿರುತ್ತದೆ ಎಂಬುದನ್ನು ಮರೆತು ಶನಿವಾರ ಮುಗಿಯುವ ಸಮಾವೇಶದ ಮರುದಿನಕ್ಕೆ ಗ್ರಂಥಾಲಯದ ಕೆಲಸ ಇಟ್ಟುಕೊಳ್ಳುವವರು ಪ್ರತಿ ವರ್ಷವೂ ಸಿಗುತ್ತಾರೆ.

ಹಸ್ತಪ್ರತಿಗಳನ್ನು ಯಂತ್ರವೇ ಓದಿ, ಒಳಗಿನ ಯಾವ ಪದವನ್ನಾದರೂ ಹುಡುಕಿಕೊಡುವ ಸೌಲಭ್ಯವನ್ನು ಫ್ಯಾಮಿಲಿಸರ್ಚ್ 2024ರಲ್ಲಿ ಪ್ರಾಯೋಗಿಕವಾಗಿ ತೆರೆಯಿತು. ಅಮೆರಿಕದ ಜಮೀನು ಮತ್ತು ಉಯಿಲು ದಾಖಲೆಗಳಿಂದ, ಮೆಕ್ಸಿಕೊದ ನೋಟರಿ ದಾಖಲೆಗಳಿಂದ ಅದು ಆರಂಭವಾಯಿತು. ಆಸ್ತಿಯ ಒಡೆಯರಲ್ಲದೆ ಸಾಕ್ಷಿಯಾಗಿ, ನೆರೆಯವರಾಗಿ ಮಾತ್ರ ಪತ್ರದಲ್ಲಿ ಬರುವ ಹೆಸರುಗಳೂ ಈಗ ಕೈಗೆ ಸಿಗುತ್ತಿವೆ. ಈ ವಿಷಯದ ಉಪನ್ಯಾಸ ಕಂಡರೆ ಬಿಡಬೇಡಿ.

ಪ್ರಶ್ನೆ: ಪ್ರದರ್ಶನ ಸಭಾಂಗಣದಲ್ಲಿ ಡಿಎನ್‌ಎ ಪರೀಕ್ಷೆಯ ಕಿಟ್‌ಗಳು ರಿಯಾಯಿತಿ ದರದಲ್ಲಿ ಸಿಗುತ್ತವೆಯಂತೆ. ಮನೆಮಂದಿಗೆಲ್ಲ ಒಟ್ಟಿಗೆ ಕೊಳ್ಳಲೇ?

ರಿಯಾಯಿತಿ ಸಿಗುವುದು ನಿಜ. ಆದರೆ ಇತರರ ಪರವಾಗಿ ಕೊಳ್ಳಬೇಡಿ. ಪರೀಕ್ಷೆಗೆ ಒಳಗಾಗುವವರು ತಾವೇ ತಿಳಿದು ಒಪ್ಪಬೇಕು. ತಂದೆಯೆಂದು ತಿಳಿದವರು ತಂದೆಯಲ್ಲವೆಂದು, ಗೊತ್ತೇ ಇಲ್ಲದ ಒಡಹುಟ್ಟಿದವರಿದ್ದಾರೆಂದು ಬಯಲಾದ ಮೇಲೆ ಅದನ್ನು ಮತ್ತೆ ಮುಚ್ಚಿಡಲು ಬರುವುದಿಲ್ಲ. ಒಬ್ಬರು ಪರೀಕ್ಷೆಗೆ ತಮ್ಮ ಜೊಲ್ಲು ಕೊಟ್ಟರೆ ಅವರ ದಾಯಾದಿಗಳ ಗುಟ್ಟೂ ಅರ್ಧ ಹೊರಬಿದ್ದಂತೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಸರಣಿ ಕೊಲೆಗಳ ಆರೋಪಿಯನ್ನು ಪೊಲೀಸರು ಪತ್ತೆ ಹಚ್ಚಿದ್ದು ಅವನ ದೂರದ ಬಂಧುಗಳು ಜೆಡ್‌ಮ್ಯಾಚ್ ಎಂಬ ತಾಣಕ್ಕೆ ಏರಿಸಿದ್ದ ವಂಶವಾಹಿ ಮಾಹಿತಿಯಿಂದ.

ಮಾಹಿತಿ ಎಲ್ಲಿ ಉಳಿಯುತ್ತದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಡಿಎನ್‌ಎ ಪರೀಕ್ಷೆ ನಡೆಸುವ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿಹೋಯಿತು; 2025ರ ಮಾರ್ಚ್‌ನಲ್ಲಿ ಅದು ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಕೊಳ್ಳುವುದಾದರೆ ಮಾದರಿಯನ್ನು ನಾಶಮಾಡಿಸುವ ಮತ್ತು ಖಾತೆಯನ್ನು ಅಳಿಸುವ ದಾರಿ ಯಾವುದೆಂದು ಮಳಿಗೆಯಲ್ಲಿರುವವರನ್ನೇ ಕೇಳಿ. ಉತ್ತರ ತಡವರಿಸಿದರೆ ಮುಂದಿನ ಮಳಿಗೆಗೆ ನಡೆಯಿರಿ.

ಫಲಿತಾಂಶವನ್ನು ಓದುವಾಗಲೂ ಎಚ್ಚರ ಬೇಕು. ಬಂಧುತ್ವವನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ತೋರಿಸುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ನಂಟು ಹತ್ತಿರ. ತಂದೆತಾಯಿ ಮತ್ತು ಮಕ್ಕಳ ನಡುವೆ ಅದು 3,400ರ ಆಸುಪಾಸು, ಒಡಹುಟ್ಟಿದವರ ಮಕ್ಕಳ ನಡುವೆ ಸರಾಸರಿ 870ರ ಹತ್ತಿರ. ಆದರೆ ತಲೆಮಾರುಗಳಿಂದ ಒಂದೇ ಸಮುದಾಯದೊಳಗೆ ಮದುವೆ ನಡೆದಿರುವ ಕುಟುಂಬಗಳಲ್ಲಿ ದೂರದ ನೆಂಟರೂ ಹತ್ತಿರದವರಂತೆ ಕಾಣಿಸುತ್ತಾರೆ, ಏಕೆಂದರೆ ಅವರು ಒಂದಲ್ಲ, ಹಲವು ದಾರಿಗಳಿಂದ ನೆಂಟರು. ಯಹೂದಿ ಸಮುದಾಯದವರ ಸಮಾವೇಶಗಳಲ್ಲಿ ಈ ತೊಡಕನ್ನು ಬಿಡಿಸುವ ಬಗ್ಗೆ ಒಳ್ಳೆಯ ಚರ್ಚೆ ನಡೆಯುತ್ತದೆ.

ಪ್ರಶ್ನೆ: ನನಗೆ ವಯಸ್ಸು ಎಪ್ಪತ್ತು ದಾಟಿದೆ. ಕಿವಿ ಸ್ವಲ್ಪ ಮಂದ. ಇಷ್ಟು ದೊಡ್ಡ ಜಾಗದಲ್ಲಿ ಓಡಾಡಲು ಆಗುವುದೇ?

ಆಗುತ್ತದೆ, ನಿಮ್ಮ ವಯಸ್ಸಿನವರು ಅಲ್ಲಿ ಧಾರಾಳವಾಗಿ ಸಿಗುತ್ತಾರೆ. ನೋಂದಣಿಯ ಸಮಯದಲ್ಲೇ ಶ್ರವಣ ನೆರವು, ಗಾಲಿಕುರ್ಚಿ ಇತ್ಯಾದಿ ಬೇಕೆಂದು ತಿಳಿಸಿ. ಕೊಠಡಿಗೆ ಬೇಗ ಬಂದು ಮುಂದಿನ ಸಾಲಿನಲ್ಲಿ ಕೂರಿ. ಸಾಲ್ಟ್ ಲೇಕ್ ಸಿಟಿ ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿರುವ ಒಣಹವೆಯ ಊರು, ಮಾರ್ಚ್‌ನಲ್ಲಿಯೂ ಹಿಮ ಬೀಳಬಹುದು. ನೀರು ಹೆಚ್ಚು ಕುಡಿಯಬೇಕು, ಜಾರದ ಪಾದರಕ್ಷೆ ಬೇಕು. ವಿಮಾನ ನಿಲ್ದಾಣದಿಂದ ನಗರದ ನಡುವಿಗೆ ಲಘು ರೈಲಿದೆ.

ಪ್ರಶ್ನೆ: ಸಮಾವೇಶದಲ್ಲಿ ಪರಿಚಯವಾದ ಒಬ್ಬರು ನಮ್ಮ ದೂರದ ಬಂಧುವೆಂದು ತಿಳಿಯಿತು. ನಾನು ಕಟ್ಟಿದ ವಂಶವೃಕ್ಷವನ್ನು ಪೂರ್ತಿ ಕೊಡಿ ಎನ್ನುತ್ತಿದ್ದಾರೆ. ಕೊಡಬಹುದೇ?

ಇಂಥ ಭೇಟಿಗಳೇ ಸಮಾವೇಶದ ದೊಡ್ಡ ಲಾಭ, ಆದ್ದರಿಂದ ಬಾಗಿಲು ಹಾಕಬೇಡಿ. ಆದರೆ ಬದುಕಿರುವವರ ಹೆಸರು, ಜನ್ಮದಿನ, ವಿಳಾಸ ಯಾವುದನ್ನೂ ಅವರ ಒಪ್ಪಿಗೆಯಿಲ್ಲದೆ ಕೊಡಬೇಡಿ. ವಂಶಾವಳಿ ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಟ್ಟುಕೊಳ್ಳಲು 1984ರಿಂದ ಬಳಕೆಯಲ್ಲಿರುವ ಜೆಡ್‌ಕಾಮ್ ಎಂಬ ಕಡತ ರೂಪವಿದೆ. ಅದಕ್ಕೆ ಮಾಹಿತಿ ಇಳಿಸುವಾಗ ಬದುಕಿರುವವರನ್ನು ಕೈಬಿಡುವ ಆಯ್ಕೆ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಇಳಿಸಿದ ಮೇಲೆ ಕಡತವನ್ನು ಒಮ್ಮೆ ತೆರೆದು ನೋಡಿ, ಏಕೆಂದರೆ ಮರಣದ ದಿನಾಂಕ ಗೊತ್ತಿಲ್ಲದವರನ್ನು ತಂತ್ರಾಂಶ ಯಾವ ಕಡೆಗೆ ಸೇರಿಸಿದೆಯೋ ಹೇಳಲಾಗದು. ಮೊದಲು ನಿಮ್ಮಿಬ್ಬರ ಸಮಾನ ಪೂರ್ವಜರಿಂದ ಇಳಿಯುವ ಕೊಂಬೆಯನ್ನು ಮಾತ್ರ, ಆಕರಸೂಚನೆಯ ಸಹಿತ ಕೊಡಿ. ಅವರ ಕಡೆಯಿಂದಲೂ ಅಷ್ಟನ್ನೇ ಪಡೆಯಿರಿ.

ಫ್ಯಾಮಿಲಿಸರ್ಚ್‌ನಲ್ಲಿರುವುದು ಎಲ್ಲರಿಗೂ ಸೇರಿದ ಒಂದೇ ಮಹಾವೃಕ್ಷ. ತೀರಿಕೊಂಡವರ ವಿವರಗಳನ್ನು ಅಲ್ಲಿ ಯಾರು ಬೇಕಾದರೂ ತಿದ್ದಬಹುದು. ಅಲ್ಲಿ ಸೇರಿಸುವುದು ತಪ್ಪಲ್ಲ, ಆದರೆ ನಿಮ್ಮ ಸ್ವಂತ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಯ ಜವಾಬ್ದಾರಿಗಳಿಂದ ನನಗೆ ಎಲ್ಲಿಗೂ ಪ್ರಯಾಣಿಸಲು ಆಗದು. ಈ ಕ್ಷೇತ್ರದಲ್ಲಿ ಮನೆಯಿಂದಲೇ ಸೇವೆ ಮಾಡುವ ಅವಕಾಶವಿದೆಯೇ?

ಖಂಡಿತವಾಗಿ ಇದೆ. ಸಮಾವೇಶಗಳಲ್ಲಿ ಜನ ಹುಡುಕಿ ಸಂಭ್ರಮಿಸುವ ಹೆಸರುಗಳಲ್ಲಿ ಬಹಳಷ್ಟನ್ನು ಹಸ್ತಪ್ರತಿಗಳಿಂದ ಎತ್ತಿ ಬರೆದಿಟ್ಟವರು ಮನೆಯಲ್ಲಿ ಕೂತ ಸ್ವಯಂಸೇವಕರೇ. ಅಮೆರಿಕದ ಜನಗಣತಿಯ ಹಾಳೆಗಳನ್ನು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ. 1940ರ ಗಣತಿ 2012ರ ಏಪ್ರಿಲ್‌ನಲ್ಲಿ ಹೊರಬಂದಾಗ ಒಂದು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು 13 ಕೋಟಿಗೂ ಹೆಚ್ಚು ಹೆಸರುಗಳ ಸೂಚಿಯನ್ನು ಸುಮಾರು ಐದು ತಿಂಗಳಲ್ಲಿ ಮುಗಿಸಿದರು. 2022ರಲ್ಲಿ 1950ರ ಗಣತಿ ಬಂದ ಹೊತ್ತಿಗೆ ಮೊದಲ ಓದನ್ನು ಯಂತ್ರ ಮಾಡಿತು, ಮನುಷ್ಯರು ಅದನ್ನು ಪರಿಶೀಲಿಸಿ ತಿದ್ದಿದರು. ಈಗಿನ ಕೆಲಸವೂ ಹೆಚ್ಚಾಗಿ ಈ ಪರಿಶೀಲನೆಯೇ. ಹಳೆಯ ಕೈಬರಹ ಓದುವ ತಾಳ್ಮೆ ಮತ್ತು ಆ ದಾಖಲೆಯ ಭಾಷೆಯ ಪರಿಚಯ ಇದ್ದರೆ ಸಾಕು. ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಮಾಡಬಹುದು, ಪಾಳಿಯಿಲ್ಲ.

ಆರಂಭಿಸುವ ಮುಂಚೆ ಪ್ರತಿ ಯೋಜನೆಯ ಸೂಚನೆಗಳನ್ನು ಪೂರ್ತಿ ಓದಿ. ಅವುಗಳಲ್ಲಿ ಮುಖ್ಯವಾದದ್ದು, ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂಬುದು. ಗಣತಿದಾರ ಹೆಸರನ್ನು ತಪ್ಪಾಗಿ ಬರೆದಿದ್ದಾನೆಂದು ನಿಮಗೆ ಖಚಿತವಾಗಿ ಗೊತ್ತಿದ್ದರೂ, ಆ ಕುಟುಂಬ ನಿಮ್ಮದೇ ಆಗಿದ್ದರೂ, ಸೂಚಿಯಲ್ಲಿ ಅವನು ಬರೆದ ಹಾಗೆಯೇ ಇರಬೇಕು. ಸರಿಯಾದ ಹೆಸರನ್ನು ನಿಮ್ಮ ವಂಶವೃಕ್ಷದಲ್ಲಿ ಬರೆದುಕೊಳ್ಳಿ. ಅಕ್ಷರ ಓದಲಾಗದಿದ್ದರೆ ಅದೇ ಹಾಳೆಯಲ್ಲಿ ಅದೇ ಕೈಬರಹದ ಬೇರೆ ಪದಗಳಲ್ಲಿ ಆ ಅಕ್ಷರ ಹೇಗಿದೆ ಎಂದು ಹೋಲಿಸಿ ನೋಡಿ. ಆಗಲೂ ತಿಳಿಯದಿದ್ದರೆ, ಓದಲಾಗದ ಅಕ್ಷರಕ್ಕೆಂದು ಆ ಯೋಜನೆಯವರು ಗೊತ್ತುಮಾಡಿರುವ ಗುರುತನ್ನು ಹಾಕಿ ಮುಂದಿನ ಸಾಲಿಗೆ ಹೋಗಿ.